ಬೇಲಿ ಬೇಡ, ಬಾಡಿಗೆ ನೋಡಿಕೊಳ್ಳಿ

ಊರೂರಲ್ಲಿ ಶಾಖೆ ಇರುವ ಚೈನ್ ಮಳಿಗೆಗಳಿಂದ ಸಣ್ಣ ಅಂಗಡಿಗಳನ್ನು ನಗರಸಭೆ ಕಾಪಾಡಬೇಕಾ? ಮೊದಲೆಲ್ಲ ಯಾರಾದರೂ ಹೀಗೆ ಕೇಳಿದರೆ ಕಣ್ಣು ಮುಚ್ಚಿ ಹೌದು ಅನ್ನುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಕಾರಣ ಫ್ರಾನ್ಸ್. ಅಲ್ಲಿ 1973ರಲ್ಲಿ ಒಂದು ಕಾನೂನು ಬಂತು. ದೊಡ್ಡ ಮಳಿಗೆ ತೆರೆಯಬೇಕಾದರೆ ಸ್ಥಳೀಯ ಸಮಿತಿ ಒಪ್ಪಬೇಕಿತ್ತು, ಆಗ ಆ ಸಮಿತಿಯಲ್ಲಿ ವ್ಯಾಪಾರಿಗಳೂ ಇರುತ್ತಿದ್ದರು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಲಾಭ ಆಗಿದ್ದು ಅಷ್ಟರಲ್ಲಾಗಲೇ ಒಳಗೆ ಬಂದು ಕೂತಿದ್ದ ದೊಡ್ಡವರಿಗೆ, ಹೊಸಬರಿಗೆ ಬಾಗಿಲು ಮುಚ್ಚಿದ ಮೇಲೆ ಅವರಿಗೆ ಪೈಪೋಟಿಯೇ ಕಡಿಮೆ. ಬರ್ಟ್ರಾಂಡ್ ಮತ್ತು ಕ್ರಮಾರ್ಜ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಲೆಕ್ಕ ಹಾಕಿ ತೋರಿಸಿದರು, ಅನುಮತಿ ಬಿಗಿಯಾದ ಕಡೆ ಅಂಗಡಿ ಕೆಲಸಗಳೂ ಕಡಿಮೆ ಹುಟ್ಟಿದವು ಅಂತ.

ಹಾಗಂತ 'ಎಲ್ಲಾ ಮಾರುಕಟ್ಟೆಗೇ ಬಿಡಿ' ಅನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. 100 ಮಳಿಗೆ ಇರುವ ಕಂಪನಿ ಒಂದನ್ನು 2 ವರ್ಷ ನಷ್ಟದಲ್ಲೇ ನಡೆಸಬಹುದು, ಉಳಿದ 99 ಸೇರಿ ಅದನ್ನು ಸಾಕುತ್ತವೆ. ಒಂದೇ ಅಂಗಡಿ ಇರುವವರಿಗೆ 4 ತಿಂಗಳು ವ್ಯಾಪಾರ ಕೆಟ್ಟರೆ ಮುಗೀತು. ಇನ್ನು ಬಾಡಿಗೆ. ಕಟ್ಟಡದ ಮಾಲೀಕರೂ ಕಂಪನಿಯವರನ್ನೇ ಹುಡುಕುತ್ತಾರೆ, ತಿಂಗಳು ತಿಂಗಳು ದುಡ್ಡು ಗ್ಯಾರಂಟಿ ಅಂತ, ಅವರನ್ನೂ ಬೈಯೋಕಾಗಲ್ಲ ಬಿಡಿ. ಗಿರಾಕಿಗಳು ಇದ್ದೂ, ಕರಾರು ಮುಗಿದ ದಿನ ಬಾಡಿಗೆ ಏರಿದ್ದಕ್ಕೇ ಬಾಗಿಲು ಹಾಕುವ ಅಂಗಡಿಗಳು ಎಷ್ಟೋ ಇವೆ.

ಸ್ಯಾನ್ ಫ್ರಾನ್ಸಿಸ್ಕೋದ ದಾರಿ ನನಗೆ ಸ್ವಲ್ಪ ಇಷ್ಟ. ಬೇರೆ ಕಡೆ 11 ಅಥವಾ ಹೆಚ್ಚು ಶಾಖೆ ಇರುವವರು ಅಲ್ಲಿನ ಬಡಾವಣೆಗಳ ಅಂಗಡಿಬೀದಿಯಲ್ಲಿ ಮಳಿಗೆ ಹಾಕಬೇಕಾದರೆ ವಿಶೇಷ ಅನುಮತಿ ಬೇಕು, ಅದಕ್ಕೆ ಬಹಿರಂಗ ವಿಚಾರಣೆ ನಡೆಯುತ್ತದೆ. 2006ರಲ್ಲಿ ಜನರೇ ಮತ ಹಾಕಿ ಇದನ್ನು ಒಪ್ಪಿದರು. ಕೆಲವೇ ಬಡಾವಣೆ ಬಿಟ್ಟರೆ ಪೂರ್ತಿ ನಿಷೇಧ ಇಲ್ಲ. ಬರುವವರು ಬರಲಿ, ಆದರೆ ಕೇಳಿಕೊಂಡು ಬರಲಿ.

ಅದಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಪ್ಯಾರಿಸ್ ಮಾಡಿದ್ದು. 2004ರಿಂದ ನಗರದ್ದೇ ಒಂದು ಸಂಸ್ಥೆ, ಮಾರಾಟಕ್ಕೆ ಬಂದ ನೆಲಮಹಡಿಯ ಮಳಿಗೆಗಳನ್ನು ಕೊಂಡು, ಸರಿಮಾಡಿಸಿ, ಸ್ವತಂತ್ರ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಡತೊಡಗಿತು. ಯಾರನ್ನೂ ತಡೆಯಲಿಲ್ಲ, ಇವರಿಗೆ ನಿಲ್ಲಲು ಜಾಗ ಕೊಟ್ಟಿತು ಅಷ್ಟೇ. ನಾನು ನಗರಸಭೆಯಿಂದ ಕೇಳುವುದೂ ಇದನ್ನೇ. ಜೊತೆಗೆ ದೊಡ್ಡ ಮಳಿಗೆ ಬರಲಿ ಅಂತ ತೆರಿಗೆ ವಿನಾಯಿತಿ, ಪುಕ್ಕಟೆ ರಸ್ತೆ ಕೊಟ್ಟು ಕರೆಯುವುದನ್ನು ಮೊದಲು ನಿಲ್ಲಿಸಲಿ. ಒಂದು ಕೈಯಲ್ಲಿ ಅವರನ್ನು ಸಾಕಿ ಇನ್ನೊಂದು ಕೈಯಲ್ಲಿ ಇವರ ಕಣ್ಣೀರು ಒರೆಸುವುದೇನು?

ಹೌದು, ಅಗ್ಗದ ಬಾಡಿಗೆಯ ಮಳಿಗೆಗಳು ನಗರಸಭೆ ಸದಸ್ಯರ ಬಾಮೈದಂದಿರಿಗೇ ಹೋಗುತ್ತವೆ ಅಂತ ನೀವು ಕಮೆಂಟ್ ಹಾಕುತ್ತೀರಿ, ಗೊತ್ತು. ನನಗೂ ಅದೇ ಭಯ. ಎಲ್ಲರೆದುರು ಚೀಟಿ ಎತ್ತಿ ಹಂಚಲಿ, ಯಾರಿಗೆ ಎಷ್ಟು ಬಾಡಿಗೆಗೆ ಕೊಟ್ಟರು ಅಂತ ಬಾಗಿಲ ಮೇಲೇ ಬರೆದು ಹಾಕಲಿ.