ರೂಮ್ ನಂಬರ್ ಹೇಳಿ, ಸಮುದ್ರ ನೋಡಿ

ದಸರಾ ಬಂತೆಂದರೆ ನಾಡೆಲ್ಲ ಮೈಸೂರಿಗೆ ಬರುತ್ತದೆ, ಮೈಸೂರಿನವರು ಮೈಸೂರು ಬಿಡುತ್ತಾರೆ. ಸಯ್ಯಾಜಿರಾವ್ ರಸ್ತೆಯ ದೀಪ ನೋಡಲು ಬಂದವರು ಲಾಡ್ಜಿಗೆ ಮೂರು ಪಟ್ಟು ಬಾಡಿಗೆ ಕೊಟ್ಟು ಮಲಗುವ ಹೊತ್ತಿಗೆ ಕುವೆಂಪುನಗರದ ನಾವು ಮನೆಗೆ ಬೀಗ ಹಾಕಿ, ಬೊಂಬೆ ಆರತಿಯ ಹೊಣೆಯನ್ನು ಪಕ್ಕದ ಮನೆಯವರಿಗೆ ದಾಟಿಸಿ, ಸಂಪಾಜೆ ಘಾಟಿಯಲ್ಲಿ ಮಕ್ಕಳ ವಾಂತಿ ಒರೆಸುತ್ತಾ ಕರಾವಳಿಗೆ ಇಳಿದಿರುತ್ತೇವೆ. ಅಲ್ಲಿ ನಾವು ಮೂರು ಪಟ್ಟು ಕೊಡುತ್ತೇವೆ. ಪ್ರವಾಸೋದ್ಯಮ ಬೆಳೆಯುವುದು ಹೀಗೆ.

ನಮ್ಮ ದಂಡಿನಲ್ಲಿ ಅತ್ತೆ, ಹೆಂಡತಿ, ಮಕ್ಕಳು, ಜೊತೆಗೆ ಮದ್ದೂರು ಕಡೆಯ ಷಡ್ಡಕ ಮತ್ತವನ ಸಂಸಾರ. ಉಡುಪಿ ದಾಟಿ ಮುಂದೆಲ್ಲೋ ಒಂದು ರೆಸಾರ್ಟು. ಹೆಸರು ಬೇಡ, ಎಲ್ಲವೂ ಒಂದೇ ಥರ ಇವೆ. ಗೇಟಿನಲ್ಲೇ ಬ್ಯಾಗು ಬಿಚ್ಚಿಸಿ ಅತ್ತೆಯ ಚಕ್ಕುಲಿ ಡಬ್ಬ, ಕೋಡುಬಳೆ ಡಬ್ಬ ಎರಡನ್ನೂ ವಶಪಡಿಸಿಕೊಂಡರು. ಹೊರಗಿನ ತಿಂಡಿ ಒಳಗೆ ಬಿಡುವಂತಿಲ್ಲವಂತೆ. ವಾಪಸ್ ಹೋಗುವಾಗ ಕೊಡುತ್ತೇವೆ ಎಂದು ಚೀಟಿ ಬರೆದುಕೊಟ್ಟರು. ಪೊಲೀಸರೂ ಪಂಚನಾಮೆಯನ್ನು ಅಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ.

ರೂಮಿನ ಸೊಬಗನ್ನು ಹೊಗಳಲೇಬೇಕು. ಗೋಡೆಗೆ ಬಣ್ಣವಿಲ್ಲ, ಬರೀ ಸಿಮೆಂಟು. ನಮ್ಮ ಕಡೆ ಇಂಥ ಗೋಡೆ ಕಂಡರೆ 'ಪಾಪ, ಬ್ಯಾಂಕಿನವರು ಕೊನೇ ಕಂತು ಬಿಡುಗಡೆ ಮಾಡಿಲ್ಲ' ಅಂದುಕೊಳ್ಳುತ್ತೇವೆ. ಇಲ್ಲಿ ಅದೇ ಡಿಸೈನು, ಅದಕ್ಕೇ ಆ ರೇಟು. ಇನ್ನು ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಗೋಡೆಯೇ ಇಲ್ಲ, ನೆಲದಿಂದ ಸೂರಿನವರೆಗೆ ಗಾಜು. ಇದನ್ನು ಕಂಡುಹಿಡಿದ ಮಹಾನುಭಾವ ಯಾರೋ ಗೊತ್ತಿಲ್ಲ, ಅವನು ಅತ್ತೆಯನ್ನು ಕರೆದುಕೊಂಡು ಟೂರಿಗೆ ಹೋದವನಲ್ಲ ಎಂಬುದು ಮಾತ್ರ ಖಚಿತ. 'ಫ್ಯಾಮಿಲಿ ಸೂಟ್' ಎಂದು ಬರೆದು, ಫ್ಯಾಮಿಲಿಯ ಒಬ್ಬೊಬ್ಬರು ಸ್ನಾನಕ್ಕೆ ಹೋದಾಗಲೂ ಉಳಿದವರೆಲ್ಲ ವರಾಂಡದಲ್ಲಿ ಗೋಡೆ ಕಡೆ ಮುಖ ಮಾಡಿ ನಿಲ್ಲುವಂತೆ ಏರ್ಪಾಡು ಮಾಡಿದ್ದಾರೆ. ಪರದೆ ಇದೆ ಸರ್, ರಿಮೋಟ್‌ನಲ್ಲಿ ಇಳಿಯುತ್ತದೆ ಎಂದರು. ಎಸಿ ರಿಮೋಟು, ಟಿವಿ ರಿಮೋಟು, ಪರದೆ ರಿಮೋಟು ಮೂರೂ ಒಂದೇ ಗಾತ್ರ, ಒಂದೇ ಬಣ್ಣ. ಮಕ್ಕಳ ಕೈಗೆ ಯಾವುದು ಸಿಗುತ್ತದೋ ಎಂಬ ಭಯದಲ್ಲಿ ಯಾರೂ ನೆಟ್ಟಗೆ ಸೋಪು ಹಚ್ಚಿಕೊಳ್ಳಲಿಲ್ಲ. ಕೊನೆಗೆ ಅತ್ತೆ ಒಂದು ಹತ್ತಿ ಸೀರೆ ತೆಗೆದು ಆ ತುದಿಯಿಂದ ಈ ತುದಿಗೆ ಕಟ್ಟಿದರು, ಸಮಸ್ಯೆ ಮುಗಿಯಿತು. ಸಂಜೆ ರೂಮು ಗುಡಿಸಲು ಬಂದ ಹುಡುಗ ಅದನ್ನು ಬಿಚ್ಚಿ, ಹಂಸದ ಆಕಾರಕ್ಕೆ ಮಡಚಿ, ಮಂಚದ ಮೇಲೆ ಕೂರಿಸಿ ಹೋಗಿದ್ದ.

ಸ್ವಾಗತಕ್ಕೆ ಎಳನೀರು ಕೊಟ್ಟರು. ಮೇಲೆ ಕಾಗದದ ಕೊಡೆ, ಪಕ್ಕದಲ್ಲಿ ದೇವಕಣಗಿಲೆ ಹೂವು. ಮೊದಲನೆಯದು ಪುಕ್ಕಟೆ, ಎರಡನೆಯದು ಬಿಲ್ಲಿನಲ್ಲಿ. ಷಡ್ಡಕ ಕಾಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಲ್ಲ ಕಣ್ ಭಾವ, ಇದು ನಮ್ ಕಡೆ ಕಾಯೇ! ಮದ್ದೂರ್ ಮಾರ್ಕೆಟ್ಟಿಂದ ಲಾರೀಲಿ ಬಂದಿರೋದು." ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಮುಂಬೈ, ದಿಲ್ಲಿಗೇ ಲೋಡು ಹೋಗುವಾಗ ಉಡುಪಿಗೆ ಹೋಗದೆ ಇರುತ್ತದೆಯೇ? ಹಾಗಾದರೆ ರೆಸಾರ್ಟಿನ ಅಂಗಳದ ಇಷ್ಟೊಂದು ತೆಂಗಿನಮರ? ಅವು ಸೀರಿಯಲ್ ಸೆಟ್ ಸುತ್ತುವುದಕ್ಕೆ. ಗಿರಾಕಿಯ ತಲೆ ಮೇಲೆ ಕಾಯಿ ಬಿದ್ದರೆ ತಾಪತ್ರಯ ಅಂತ ಬಲಿಯುವ ಮೊದಲೇ ಗೊನೆ ಇಳಿಸಿಬಿಡುತ್ತಾರಂತೆ. ತೋಟದಲ್ಲಿ ತಾನು ದಲ್ಲಾಳಿಗೆ ಕೊಟ್ಟ ರೇಟನ್ನೂ ಬಿಲ್ಲಿನ ರೇಟನ್ನೂ ಅಕ್ಕಪಕ್ಕ ಇಟ್ಟು ನೋಡಿದ ಷಡ್ಡಕ ಆ ರಾತ್ರಿ ಊಟ ಮಾಡಲಿಲ್ಲ. ಬಫೆಗೆ ಆಗಲೇ ದುಡ್ಡು ಕೊಟ್ಟಾಗಿತ್ತು ಎಂಬುದು ಅವನಿಗೆ ಬೆಳಿಗ್ಗೆ ನೆನಪಾಯಿತು.

ಬೆಳಿಗ್ಗೆ ಈಜುಕೊಳ. ಕೊಳದ ಅಂಚಿಗೆ ಬಂದು ನೋಡಿದರೆ ಸಾಕ್ಷಾತ್ ಅರಬ್ಬಿ ಸಮುದ್ರ. ಆದರೂ ಸಮುದ್ರಕ್ಕೆಂದು ಬಂದವರೆಲ್ಲ ಕ್ಲೋರಿನ್ ನೀರಿನಲ್ಲಿ ಕುತ್ತಿಗೆಮಟ ಮುಳುಗಿ, ಸಮುದ್ರಕ್ಕೆ ಬೆನ್ನು ಹಾಕಿ, ಫೋನಿಗೆ ಮುಖ ಮಾಡಿದ್ದರು. ನಮ್ಮನ್ನು ಅದರೊಳಗೂ ಬಿಡಲಿಲ್ಲ. ನೈಲಾನ್ ಉಡುಪು ಕಡ್ಡಾಯ. "ನೀರ್ಗೆ ಇಳ್ಯಕ್ಕೂ ಯೂನಿಫಾರಂ ಬೇಕಾ? ವಿಸಿ ನಾಲೇಲಿ ಈಜು ಕಲಿಯುವಾಗ ನಮ್ಗೆ ಬಟ್ಟೆನೇ ಇರ್ಲಿಲ್ವಲ್ಲ!" ಎಂದು ಷಡ್ಡಕ ಆಡಿದ ಮಾತು ಕೊಳದ ಆಚೆ ದಡಕ್ಕೂ ಕೇಳಿಸಿತು.

ಸರ್ಕಾರವೂ ಈ ವೈಭವಕ್ಕೆ ಕೈ ಜೋಡಿಸಿದೆ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ ಹೊಸ ಜಿಎಸ್‌ಟಿ ದರ ಬಂತಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದು ದಾಟಿದರೆ ಶೇ 18. ದುಬಾರಿ ರೂಮಿನ ಹೋಟೆಲಾದರೆ ಅದರೊಳಗಿನ ಇಡ್ಲಿಗೂ ಶೇ 18. ಅಗ್ರಹಾರದ ಹೋಟೆಲಿನಲ್ಲಿ ಶೇ 5ರ ಇಡ್ಲಿ ತಿಂದು ಬೆಳೆದ ನಾವು ಶೇ 18ರ ಇಡ್ಲಿ ತಿಂದೆವು. ಗಟ್ಟಿಯಾಗಿತ್ತು. ತೆರಿಗೆಯ ತೂಕವಿರಬೇಕು.

ಅಷ್ಟಕ್ಕೂ ರೆಸಾರ್ಟ್ ಅಂದರೇನು ಎಂದು ನಮಗೆ ಕಲಿಸಿಕೊಟ್ಟವರು ಪ್ರವಾಸೋದ್ಯಮದವರಲ್ಲ, ಶಾಸಕರು. ಮೈಸೂರು ರಸ್ತೆಯಲ್ಲಿ ಬಸ್ಸು ಬಿಡದಿ ದಾಟುವಾಗ ಜನ ತಟ್ಟೆ ಇಡ್ಲಿ ನೆನೆಸಿಕೊಳ್ಳುತ್ತಿದ್ದ ಕಾಲವಿತ್ತು. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಅಲ್ಲಿನ ರೆಸಾರ್ಟಿಗೆ ತಂದು ಇಟ್ಟ ಮೇಲೆ ಕಿಟಕಿಯಿಂದ ಇಣುಕಿ 'ಯಾರಾದ್ರೂ ಇದಾರಾ' ಎಂದು ನೋಡುವುದು ರೂಢಿಯಾಯಿತು. 2019ರ ಜನವರಿಯಲ್ಲಿ ನಮ್ಮ ಶಾಸಕರೇ ಅಲ್ಲಿ ಹೊಡೆದಾಡಿಕೊಂಡು ಒಬ್ಬರು ಆಸ್ಪತ್ರೆ ಸೇರಿದರು, ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಅವರ ಬಿಲ್ಲು ಯಾರು ಕಟ್ಟಿದರು ಎಂದು ಮಾತ್ರ ಯಾವ ಟಿವಿಯೂ ತೋರಿಸಲಿಲ್ಲ. ಅವರ ಕೋಣೆಯಲ್ಲೂ ಬಚ್ಚಲಿಗೆ ಗಾಜಿತ್ತೇ? ಇದ್ದರೆ ಪಾರದರ್ಶಕ ಆಡಳಿತದ ಮಾತು ಅಷ್ಟರಮಟ್ಟಿಗೆ ನಿಜ.

ಎಲ್ಲಿಗೋ ಹೋದೆ. ಮರಳಿನ ವಿಷಯಕ್ಕೆ ಬರುತ್ತೇನೆ.

ಸಂಜೆ ದಡಕ್ಕೆ ಹೋದರೆ ಮರಳಿನ ಮೇಲೆ ಹಗ್ಗ ಕಟ್ಟಿ ಬೋರ್ಡು ನೆಟ್ಟಿದ್ದರು: 'ರೆಸಾರ್ಟ್ ಅತಿಥಿಗಳಿಗೆ ಮಾತ್ರ'. ಆಚೆಯಿಂದ ಇಬ್ಬರು ಹೆಂಗಸರು ಮೀನಿನ ಬುಟ್ಟಿ ಹೊತ್ತು ದಡದುದ್ದಕ್ಕೂ ನಡೆದು ಬರುತ್ತಿದ್ದರು. ಸೆಕ್ಯುರಿಟಿಯವನು ಸೀಟಿ ಊದಿದ. "ರೂಮ್ ನಂಬರ್?" ಹಿರಿಯಾಕೆ ಬುಟ್ಟಿ ಇಳಿಸದೆಯೇ ಹೇಳಿದಳು: "ಎಂತ ನಂಬ್ರ ಮಾರಾಯ? ನಮ್ ಮನಿ ಅಲ್ಲಿತ್ತ್, ಕಾಣ್." ಅವನು ಕಾಣಲಿಲ್ಲ. ಅವರು ರಸ್ತೆ ಸುತ್ತಿಕೊಂಡು ಹೋದರು.

ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಈ ದೇಶದಲ್ಲಿ ಪ್ರೈವೇಟ್ ಬೀಚ್ ಎಂಬುದು ಇಲ್ಲ. ಅಲೆ ಬಂದು ತೊಳೆಯುವ ಮರಳು ಯಾರಪ್ಪನ ಆಸ್ತಿಯೂ ಅಲ್ಲ. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಬಂದಾಗ ಸಮುದ್ರ ಉಕ್ಕಿ ಬರುವ ಭರತದ ಗೆರೆಯಿಂದ 500 ಮೀಟರ್‌ವರೆಗೆ ಅಂಕೆ ಹಾಕಿದರು. ಹಳ್ಳಿಗಾಡಿನ ದಡದಲ್ಲಿ ಮೊದಲ 200 ಮೀಟರ್ ಏನೂ ಕಟ್ಟಬಾರದು ಎಂದರು. 2019ರಲ್ಲಿ ಜನ ದಟ್ಟವಾಗಿರುವ ಹಳ್ಳಿಗಳ ಕಡೆ ಅದನ್ನು 50 ಮೀಟರ್‌ಗೆ ಇಳಿಸಿದರು. ಉಳ್ಳಾಲದಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತ, ಮನೆ ಕುಸಿತ, ಲಾರಿ ಲಾರಿ ಬಂಡೆ ಸುರಿಯುವುದು, ಸಚಿವರು ಬಂದು ನೋಡಿ ಹೋಗುವುದು. ಸಮುದ್ರ ಮುಂದೆ ಬರುತ್ತಿದೆ, ನಾವೂ ಎದುರುಗೊಳ್ಳಲು ಮುಂದೆ ಹೋಗುತ್ತಿದ್ದೇವೆ. ಹುಟ್ಟಿದಾಗಿನಿಂದ ಆ ದಡದಲ್ಲಿ ನಡೆದ ಹೆಂಗಸನ್ನು ತಡೆದು, ಮುನ್ನೂರು ಕಿಲೋಮೀಟರ್ ಆಚೆಯಿಂದ ಬಂದ ನನ್ನ ಏಕಾಂತ ಕಾಯುತ್ತಾರೆ. ಅದಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ. ಥೂ.

ಹೊರಡುವಾಗ ಒಂದು ಟ್ಯಾಬ್ ಹಿಡಿದು ಬಂದರು. ನಿಮ್ಮ ಸಾಗರಾನುಭವ ಹೇಗಿತ್ತು, ಸುಧಾರಿಸಬೇಕಾದ್ದು ಏನಾದರೂ ಇದೆಯೇ? ಷಡ್ಡಕ ತುಂಬ ಹೊತ್ತು ಯೋಚಿಸಿ 'ಉಪ್ಪು ಜಾಸ್ತಿ' ಎಂದು ಬರೆದ. ಸಾರಿನ ಬಗ್ಗೆ ಎಂದುಕೊಂಡು ಅಡುಗೆಯವನನ್ನು ಕರೆಸಿದರು.

ನಗುವವರು ಸ್ವಲ್ಪ ತಡೆಯಿರಿ, ಮುಂದಿನ ಸರದಿ ನಮ್ಮ ಮಂಡ್ಯದ್ದು. ಕನ್ನಂಬಾಡಿ ಕಟ್ಟೆಗೆ 92.30 ಕೋಟಿಯ ಕಾವೇರಿ ಆರತಿ ಎಂದರು, ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿ ಮಾಡುತ್ತೇವೆ ಎಂದರು, ರೈತರು ಬೇಡವೆಂದರು, ಹೈಕೋರ್ಟ್ ಮೆಟ್ಟಿಲೇರಿತು. ಕಥೆ ನಿಮಗೆ ಗೊತ್ತೇ ಇದೆ. ಇವತ್ತಿಗೆ ಹಿನ್ನೀರಿನ ದಡದಲ್ಲಿ ಬೈಕು ನಿಲ್ಲಿಸಿ, ಚುರುಮುರಿ ಪೊಟ್ಟಣ ಬಿಚ್ಚಿ, ಸೂರ್ಯ ಮುಳುಗುವುದನ್ನು ಬಿಟ್ಟಿ ನೋಡಬಹುದು. ನಾಳೆ ಅಲ್ಲೂ ಮರಳು ಸುರಿದು, ಹಗ್ಗ ಕಟ್ಟಿ, ಬೀಚ್ ಎಂದು ಬೋರ್ಡು ನೆಟ್ಟರೆ ಕೇಳುವವರು ಯಾರು? ಅಣೆಕಟ್ಟು 124.80 ಅಡಿ ತುಂಬಿದ ದಿನ ಮುಖ್ಯಮಂತ್ರಿಗಳು ಬಾಗಿನ ಹಿಡಿದು ಬಂದರೆ ಅವರಿಗೂ ರೂಮ್ ನಂಬರ್ ಕೇಳುತ್ತಾರೇನೋ ಎಂದೆ.

"ಅದ್ಕೂ ಮುಂಚೆ ಗೇಟಲ್ಲೇ ಹಿಡೀತಾರೆ ಭಾವ," ಎಂದ ಷಡ್ಡಕ, "ಬಾಗಿನದೊಳಗೆ ಅಕ್ಕಿ, ಬೇಳೆ, ಬೆಲ್ಲ ಇರ್ತದಲ್ಲ. ಹೊರಗಡೆ ತಿಂಡಿ ಅಂತಾರೆ."