ಶಿಬಿರ ಮುಗಿದ ಮೇಲೆ ಯಾರು ಬರುತ್ತಾರೆ?

ಈ ಸಲ ಮಳೆಗಾಲದಲ್ಲಿ ಉಡುಪಿ ಹತ್ತಿರದ ಉದ್ಯಾವರದ ಮನೆಗೆ ಹೋದಾಗ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟ ಒಂದು ಚೀಟಿ ಕಂಡಿತು. ಊರಿನ ಶಾಲೆಯಲ್ಲಿ ನಡೆದ ಉಚಿತ ಆರೋಗ್ಯ ಶಿಬಿರದ್ದು. ಬಿಪಿ 170/100 ಅಂತ ನೀಲಿ ಪೆನ್ನಿನಲ್ಲಿ ಬರೆದಿತ್ತು. ಕೆಳಗೆ, ‘ಹತ್ತಿರದ ವೈದ್ಯರನ್ನು ಕಾಣಿರಿ’. ಚೀಟಿಗೆ ಎಂಟು ತಿಂಗಳಾಗಿತ್ತು.

“ಹತ್ತು ದಿವಸದ ಮಾತ್ರೆ ಕೊಟ್ಟಿದ್ರು ಮಗಾ. ಮುಗೀತು. ಮತ್ತೆ ಯಾರೂ ಬರ್ಲಿಲ್ಲ” ಅಂದರು ಅಮ್ಮ.

ಶಿಬಿರ ಮಾಡಿದ್ದು ಒಂದು ದೊಡ್ಡ ಆಸ್ಪತ್ರೆ. ಬ್ಯಾನರ್, ದೀಪ ಬೆಳಗುವುದು, ಹಾರ, ಮರುದಿನ ಪೇಪರಿನಲ್ಲಿ ಫೋಟೋ ಎಲ್ಲ ಆಗಿತ್ತು. ಆ 170ರ ಹಿಂದೆ ಹೋದವರು ಮಾತ್ರ ಯಾರೂ ಇಲ್ಲ. ನನಗೆ ತುಂಬಾ ಬೇಸರವಾಯಿತು.

ನಾನಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಇಲ್ಲಿನ ಮಕ್ಕಳ ಆಸ್ಪತ್ರೆ, ನೇಷನ್‌ವೈಡ್ ಚಿಲ್ಡ್ರನ್ಸ್, 2008ರಲ್ಲಿ ತನ್ನ ಸುತ್ತಲಿನ ಬಡ ಕೇರಿಗಳ ಮನೆಗಳಿಗೆ ದುಡ್ಡು ಹಾಕಲು ಶುರು ಮಾಡಿತು. ಪಾಳುಬಿದ್ದ ಮನೆಗಳನ್ನು ಕೊಂಡು ರಿಪೇರಿ ಮಾಡಿಸಿತು. ಅಲ್ಲೇ ಇದ್ದವರಿಗೆ ಮನೆಯ ಹೊರಭಾಗ ಸರಿಮಾಡಿಕೊಳ್ಳಲು ಹಣ ಕೊಟ್ಟಿತು. ಆ ಕಡೆ ಹೋದಾಗ ನಾನು ನೋಡುತ್ತೇನೆ. ಒಂದು ಮನೆಗೆ ಹೊಸ ಮೆಟ್ಟಿಲು, ಪಕ್ಕದ್ದಕ್ಕೆ ಹೊಸ ಮಾಡು. ಆಸ್ಪತ್ರೆಗೂ ಮಾಡಿಗೂ ಏನು ಸಂಬಂಧ? ದಮ್ಮಿನ ಮಗುವಿಗೆ ಎಷ್ಟು ಔಷಧಿ ಕೊಟ್ಟರೂ, ಬೂಸ್ಟು ಹಿಡಿದ ಗೋಡೆಯ ಮನೆಗೇ ವಾಪಸು ಕಳಿಸಿದರೆ ಅದು ಮತ್ತೆ ಬಂದು ಮಲಗುತ್ತದೆ. ನಮ್ಮ ಕರಾವಳಿಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇಲ್ಲಿ ಕಾನೂನಿನ ಒತ್ತಾಯವೂ ಇದೆ. ಲಾಭಕ್ಕಲ್ಲ ಅಂತ ತೆರಿಗೆ ವಿನಾಯಿತಿ ಪಡೆಯುವ ಆಸ್ಪತ್ರೆಗಳು ಮೂರು ವರ್ಷಕ್ಕೊಮ್ಮೆ ತಮ್ಮ ಊರಿನವರ ಆರೋಗ್ಯಕ್ಕೆ ಏನು ಬೇಕು ಅಂತ ಕೇಳಿ, ವರದಿ ಬರೆದು, ಎಲ್ಲರಿಗೂ ಸಿಗುವಂತೆ ಇಡಬೇಕು. 2010ರ ಆರೋಗ್ಯ ಕಾಯ್ದೆ ತಂದ ನಿಯಮ ಇದು. ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಆಸ್ಪತ್ರೆ ಬಿಲ್ಲಿನಿಂದ ಸಾಲಗಾರರಾದವರು ತುಂಬಾ ಜನ ಇದ್ದಾರೆ. ಊರಿಗೆ ಮಾಡಿದ್ದೇವೆ ಅಂತ ಆಸ್ಪತ್ರೆಗಳು ತೋರಿಸುವ ಖರ್ಚಿನಲ್ಲಿ ದೊಡ್ಡ ಪಾಲು ಆಸ್ಪತ್ರೆಯ ಒಳಗಿನ ಚಿಕಿತ್ಸೆಯದ್ದೇ. ಕೇರಿಗೆ ಹೋಗುವುದು ಸ್ವಲ್ಪ. ಆದರೂ ವರದಿ ಕೈಯಲ್ಲಿದ್ದರೆ ‘ಇದನ್ನು ಯಾಕೆ ಮಾಡಲಿಲ್ಲ’ ಅಂತ ಕೇಳಬಹುದು.

ನಮ್ಮೂರಿಗೆ ಇದು ಹೊಸದೂ ಅಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಔಷಧಿ ಕೊಡುತ್ತಾ ಶುರು ಮಾಡಿದ್ದೇ ಇಂದಿನ ದೊಡ್ಡ ಆಸ್ಪತ್ರೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆಮೇಲೆ ಉಡುಪಿ ಸುತ್ತಿನ ಊರುಗಳಲ್ಲಿ ಹೆರಿಗೆ ಮತ್ತು ಮಕ್ಕಳ ಕೇಂದ್ರಗಳನ್ನು ತೆರೆಯಿತು. ನಾನು ಹುಟ್ಟಿದ್ದು ಅಂಥ ಒಂದು ಕೇಂದ್ರದಲ್ಲಿ. ಅಲ್ಲಿನ ನರ್ಸಮ್ಮ ಗದ್ದೆಯ ಕಟ್ಟಪುಣಿಯ ಮೇಲೆ ಕೊಡೆ ಹಿಡಿದು ಬಂದು, ಚಾವಡಿಯಲ್ಲಿ ಕೂತು ನನ್ನನ್ನು ತೂಗಿ ನೋಡುತ್ತಿದ್ದರಂತೆ. ಅವರು ಕುಡಿದ ಬೆಲ್ಲದ ಕಾಫಿಯೂ ಅಮ್ಮನಿಗೆ ಇವತ್ತಿಗೂ ನೆನಪಿದೆ.

ನಾನು ಕೇಳುವುದು ಅಷ್ಟೇ, ಆ ನರ್ಸಮ್ಮ ಮತ್ತೆ ಬರಲಿ. 2022ರ ನಂತರ ಎಂಬಿಬಿಎಸ್ ಮಕ್ಕಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳಬೇಕು ಅಂತ ನಿಯಮ ಬಂದಿದೆ. ಮಂಗಳೂರು, ದೇರಳಕಟ್ಟೆ, ಮಣಿಪಾಲ ಸೇರಿ ಇಷ್ಟು ಮೆಡಿಕಲ್ ಕಾಲೇಜುಗಳಿರುವ ಜಾಗದಲ್ಲಿ ಆ ಮಕ್ಕಳು ಬರೆದುಕೊಂಡು ಬರುವ ಲೆಕ್ಕ ಪರೀಕ್ಷೆಯ ಪುಸ್ತಕದಲ್ಲೇ ಉಳಿಯಬಾರದು. ಯಾವ ವಾರ್ಡಿನಲ್ಲಿ ಇಲಿಜ್ವರ, ಎಲ್ಲಿ ಮಲೇರಿಯಾ, ಯಾವ ಮನೆಯಲ್ಲಿ ಮಾತ್ರೆ ಮುಗಿದಿದೆ ಅನ್ನುವುದನ್ನು ಹೆಸರು ಬಿಟ್ಟು ಒಟ್ಟುಮಾಡಿ ಗ್ರಾಮಸಭೆಯಲ್ಲಿ ಓದಲಿ. ಊರಿಗೆ ಹಾಕುವ ದುಡ್ಡು ಅದನ್ನು ನೋಡಿ ಹಾಕಲಿ.

ಹೊರಡುವ ಮೊದಲು ಶಿಬಿರದವರಿಗೆ ಪತ್ರ ಬರೆದೆ. ಅವತ್ತು ಶಾಲೆಗೆ ಬಂದವರ ಹೆಸರು, ಫೋನ್ ನಂಬರು ಅವರ ರಿಜಿಸ್ಟರಿನಲ್ಲಿ ಇದೆ. ಬಿಪಿ ಜಾಸ್ತಿ ಇದ್ದವರಿಗೆ ಈ ತಿಂಗಳು ಒಂದೊಂದು ಫೋನ್ ಮಾಡಿ ಅಂತ ಕೇಳಿಕೊಂಡಿದ್ದೇನೆ.