ಗುಬ್ಬಿಗೆ ಗಾಜಿನ ಪೆಟ್ಟಿಗೆ, ಗವಾಸ್ಕರರಿಗೆ ಜಾಗವಿಲ್ಲ

ಲಂಡನ್ನಿನ ಲಾರ್ಡ್ಸ್ ಮೈದಾನಕ್ಕೆ ಪಂದ್ಯವಿಲ್ಲದ ದಿನ ಹೋದವರು ಹಣ ತೆತ್ತು, ಗೈಡ್ ಹಿಂದೆ ಸಾಲಾಗಿ ನಡೆದು, ದನಿ ತಗ್ಗಿಸಿ ಮಾತನಾಡುತ್ತಾರೆ. ಎದುರಿಗಿರುವುದು ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು ಎರಡೂವರೆ ಮೀಟರ್ ಇಳಿದುಹೋಗುವ ಹುಲ್ಲುನೆಲ. ಇದೇ ಓರೆ ಇಂದು ಕಟ್ಟಿದ ಕ್ರೀಡಾಂಗಣದಲ್ಲಿದ್ದರೆ ಗುತ್ತಿಗೆದಾರನ ಮೇಲೆ ತನಿಖೆಯಾಗುತ್ತಿತ್ತು. 1814ರಿಂದ ಇರುವುದರಿಂದ ಅದು ಪರಂಪರೆ.

ವಸ್ತುಸಂಗ್ರಹಾಲಯದಲ್ಲಿ ಸುಮಾರು 11 ಸೆಂಟಿಮೀಟರ್ ಎತ್ತರದ ಆ್ಯಷಸ್ ಕುಡಿಕೆಯ ದರ್ಶನವಾಗುತ್ತದೆ. ಇದರ ಹೆಸರಿನಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ಕಾದಾಡುತ್ತಲೇ ಇವೆ. ಗೆದ್ದವರು ಯಾರೇ ಆಗಲಿ, ಕುಡಿಕೆಯ ಕಾಯಂ ವಿಳಾಸ ಮಾತ್ರ ಲಾರ್ಡ್ಸ್. 1989ರಿಂದ 2003ರವರೆಗೆ ಆಸ್ಟ್ರೇಲಿಯಾ ಒಂದೇ ಒಂದು ಆ್ಯಷಸ್ ಸರಣಿಯನ್ನೂ ಬಿಟ್ಟುಕೊಡದೆ ಗೆದ್ದಾಗಲೂ ಅದು ಸೋತವರ ಕಪಾಟಿನಲ್ಲೇ ಇತ್ತು. ಕೇಳಿದರೆ, ಇದು ಟ್ರೋಫಿಯೇ ಅಲ್ಲ, ಇಂಗ್ಲೆಂಡ್ ನಾಯಕ ಐವೋ ಬ್ಲೈ ಅವರಿಗೆ ಬಂದ ಖಾಸಗಿ ಉಡುಗೊರೆ ಎಂಬ ಉತ್ತರ ಸಿಗುತ್ತದೆ. ಉತ್ತರ ನಿಜವೇ, ಆದರೆ ಸೋಲುವವರಿಗೆ ಇಷ್ಟು ಅನುಕೂಲವಾದ ನಿಜ ಸಿಗುವುದು ಅಪರೂಪ.

ಅಲ್ಲೇ ಒಂದು ಗುಬ್ಬಿಯೂ ಇದೆ. 1936ರಲ್ಲಿ ಜಹಾಂಗೀರ್ ಖಾನ್ ಎಸೆದ ಚೆಂಡು ತಾಗಿ ಸತ್ತ ಅದನ್ನು ಹದಮಾಡಿ, ಚೆಂಡಿನ ಸಮೇತ ಇರಿಸಿಕೊಂಡಿದ್ದಾರೆ. ಭಾರತ 1932ರಲ್ಲಿ ಇದೇ ಲಾರ್ಡ್ಸ್‌ನಲ್ಲಿ ಆಡಿದ ತನ್ನ ಮೊದಲ ಟೆಸ್ಟ್‌ನಲ್ಲಿ ನಾಲ್ಕು ವಿಕೆಟ್ ಕಿತ್ತವರು ಈ ಜಹಾಂಗೀರ್. ಆದರೆ ಇಲ್ಲಿ ಅವರಿಗೆ ಹೆಸರು ತಂದುಕೊಟ್ಟದ್ದು ಸ್ಕೋರು ಪಟ್ಟಿಗೆ ಸೇರದ ಐದನೆಯ ಬಲಿ. ಡ್ರೆಸ್ಸಿಂಗ್ ಕೋಣೆಯ ಟೆಸ್ಟ್ ಗೌರವ ಫಲಕದ ನಿಯಮವಾದರೋ ಅತಿ ನಿಷ್ಠುರ: ಟೆಸ್ಟ್ ಶತಕ ಹೊಡೆದಿರಬೇಕು, ಇಲ್ಲವೇ ಇನಿಂಗ್ಸೊಂದರಲ್ಲಿ ಐದು ವಿಕೆಟ್ ಪಡೆದಿರಬೇಕು. ಹಾಗಾಗಿ ವಿಶ್ವನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್ ಅಲ್ಲಿದ್ದಾರೆ (ನಮಗೆ ಅಷ್ಟು ಸಮಾಧಾನ), 2002ರ ಶತಕದಿಂದ ಬೌಲರ್ ಅಜಿತ್ ಅಗರ್ಕರ್ ಬ್ಯಾಟ್ಸ್‌ಮನ್ನಾಗಿಯೇ ಇದ್ದಾರೆ. ಗವಾಸ್ಕರ್, ತೆಂಡೂಲ್ಕರ್ ಇಲ್ಲ. ಲಾರ್ಡ್ಸ್‌ನಲ್ಲಿ ಅಮರರಾಗಲು ಶತಕ ಬೇಕು, ಇಲ್ಲವಾದರೆ ಚೆಂಡಿಗೆ ಅಡ್ಡ ಹಾರಿ ಪ್ರಾಣ ಬಿಡಬೇಕು.

ಪೆವಿಲಿಯನ್ನಿನ ಮಡಿ ಇನ್ನೂ ಬಿಗಿ. ಪಂದ್ಯದ ದಿನ ಗಂಡಸರು ಕೋಟು, ಟೈ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. 1787ರಲ್ಲಿ ಹುಟ್ಟಿದ, ಲಾರ್ಡ್ಸ್‌ನ ಒಡೆತನದ ಕ್ಲಬ್ಬಾದ ಎಂಸಿಸಿ (ಮೆರಿಲ್ಬೋನ್ ಕ್ರಿಕೆಟ್ ಕ್ಲಬ್), ಮಹಿಳೆಯರೂ ಸದಸ್ಯರಾಗಬಹುದೆಂದು ಒಪ್ಪಿದ್ದು 1998ರಲ್ಲಿ. ಇಂಗ್ಲೆಂಡಿನ ಮಹಿಳೆಯರು ಇದೇ ಮೈದಾನದಲ್ಲಿ ವಿಶ್ವಕಪ್ ಗೆದ್ದು ಐದು ವರ್ಷ ಕಳೆದ ಮೇಲೆ, ಅದೂ ಅದೇ ವರ್ಷದ ಮೊದಲ ಮತದಾನದಲ್ಲಿ ಮೂರನೇ ಎರಡರಷ್ಟು ಬೆಂಬಲ ಸಾಲದೆ ಬಿದ್ದುಹೋದ ಬಳಿಕ. ಹೀಗೆ ಇನ್ನೂರು ವರ್ಷ ಜೋಪಾನ ಮಾಡಿದ ಸಭ್ಯತೆ 2023ರ ಜುಲೈಯಲ್ಲಿ ಪರೀಕ್ಷೆಗೆ ಒಳಗಾಯಿತು. ಆ್ಯಷಸ್ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಬೇರ್‌ಸ್ಟೋ ನಿಯಮದಂತೆಯೇ ಸ್ಟಂಪ್ ಆದದ್ದಕ್ಕೆ ಸಿಟ್ಟಾದ ಸದಸ್ಯರು, ಊಟಕ್ಕೆ ಹೊರಟ ಆಸ್ಟ್ರೇಲಿಯಾ ಆಟಗಾರರನ್ನು ಪೆವಿಲಿಯನ್ನಿನ ಲಾಂಗ್ ರೂಮಿನಲ್ಲಿ ಬೈದು ಕಾಡಿದರು. ಅಂದ ಹಾಗೆ, ಕ್ರಿಕೆಟ್ ನಿಯಮಗಳನ್ನು ಬರೆಯುವುದು ಇದೇ ಕ್ಲಬ್. ಕ್ಲಬ್ ಕ್ಷಮೆ ಕೇಳಿ ಮೂವರನ್ನು ಅಮಾನತುಗೊಳಿಸಿತು. ವಸ್ತ್ರಸಂಹಿತೆಯನ್ನು ಮುರಿದ ಆರೋಪ ಮಾತ್ರ ಯಾರ ಮೇಲೂ ಬರಲಿಲ್ಲ. ಸದಸ್ಯತ್ವಕ್ಕಾಗಿ ದಶಕಗಳಿಂದ ಸರದಿಯಲ್ಲಿರುವವರು ಆ ಸಂಜೆ, ಖಾಲಿಯಾಗಬಹುದಾದ ಮೂರು ಸ್ಥಾನಗಳ ಲೆಕ್ಕ ಹಾಕುತ್ತ ತಮ್ಮ ಟೈಗಳನ್ನು ಇಸ್ತ್ರಿ ಮಾಡಿಸಿಟ್ಟಿರಬೇಕು.